ಹಸಿರು ಕಂಡರೆ ಸಾಲದು: ಸೊರಗಿದ ನೆಲವನ್ನು ಅಳೆಯುವುದು ಮತ್ತು ಮರಳಿ ಕಟ್ಟುವುದು

ಒಂದು ನೆಲ ಹಾಳಾಗಿದೆ ಎಂದು ನಾವು ಸಾಮಾನ್ಯವಾಗಿ ಗುರುತಿಸುವುದು ಅಲ್ಲಿ ಗಿಡಮರಗಳು ಇಲ್ಲವಾದ ಮೇಲೆ. ಆದರೆ ಅದಕ್ಕೂ ಬಹಳ ಮೊದಲೇ ನೆಲದೊಳಗಿನ ವ್ಯವಸ್ಥೆ ಕೆಟ್ಟಿರುತ್ತದೆ. ಮಣ್ಣಿನ ಕಣಗಳನ್ನು ಒಂದಕ್ಕೊಂದು ಹಿಡಿದಿಡುವ ಸಾವಯವ ಅಂಶ ವರ್ಷದಿಂದ ವರ್ಷಕ್ಕೆ ಕರಗುತ್ತಾ ಬಂದಂತೆ ಮಣ್ಣಿನ ಹೆಂಟೆಗಳು ಸುಲಭವಾಗಿ ಪುಡಿಯಾಗುತ್ತವೆ. ಮಳೆಹನಿಯ ಹೊಡೆತಕ್ಕೆ ಸಿಕ್ಕ ಆ ನುಣ್ಣನೆಯ ಪುಡಿ ಮೇಲ್ಮೈಯ ಸೂಕ್ಷ್ಮ ರಂಧ್ರಗಳಲ್ಲಿ ಕೂತು, ಒಣಗಿದಾಗ ಗಟ್ಟಿಯಾದ ಒಂದು ಹೆಪ್ಪಾಗುತ್ತದೆ. ಮುಂದಿನ ಮಳೆಯ ನೀರು ಆ ಹೆಪ್ಪಿನ ಮೂಲಕ ಇಂಗಲಾರದೆ ಮೇಲಿಂದ ಹರಿದುಹೋಗುತ್ತದೆ, ಹೋಗುವಾಗ ಉಳಿದ ಮೇಲ್ಮಣ್ಣನ್ನೂ ಬೀಜಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ಹೀಗೆ ಮಳೆ ಎಷ್ಟೇ ಬಂದರೂ ಬೇರಿಗೆ ನೀರು ಸಿಗುವುದಿಲ್ಲ, ಬೇರು ಬೆಳೆಯದ ನೆಲಕ್ಕೆ ಸಾವಯವ ಅಂಶ ಸೇರುವುದಿಲ್ಲ, ಸಾವಯವ ಅಂಶವಿಲ್ಲದ ಮಣ್ಣು ಇನ್ನಷ್ಟು ಗಟ್ಟಿಯಾಗುತ್ತದೆ. ನೆಲದ ಅವನತಿ ಎಂದರೆ ತನ್ನನ್ನು ತಾನೇ ಬೆಳೆಸಿಕೊಳ್ಳುವ ಈ ಸುತ್ತು.

ಈ ಸುತ್ತನ್ನು ಆರಂಭಿಸುವ ಕಾರಣಗಳು ಒಂದೊಂದು ಕಡೆ ಒಂದೊಂದು ಬಗೆಯವು. ಇಳಿಜಾರಿನಲ್ಲಿ ಕಾಡು ಕಡಿದು ಉತ್ತದ್ದು, ಹುಲ್ಲುಗಾವಲು ಚೇತರಿಸಿಕೊಳ್ಳಲು ಬಿಡುವು ಕೊಡದೆ ಮೇಯಿಸಿದ್ದು, ನೀರು ಬಸಿದುಹೋಗುವ ದಾರಿಯಿಲ್ಲದ ಕಡೆ ನೀರಾವರಿ ಮಾಡಿ ಉಪ್ಪು ಮೇಲೇರುವಂತೆ ಮಾಡಿದ್ದು, ಜೌಗು ನೆಲದ ನೀರು ಬಸಿದು ಒಣಗಿಸಿದ್ದು, ಗಣಿಗಾಗಿ ನೆಲವನ್ನು ತಲೆಕೆಳಗು ಮಾಡಿದ್ದು ಇವೆಲ್ಲವೂ ಆ ಪಟ್ಟಿಯಲ್ಲಿವೆ. ವಿಶ್ವಸಂಸ್ಥೆಯ ಮರುಭೂಮೀಕರಣ ತಡೆ ಒಪ್ಪಂದ 1994ರಲ್ಲಿ ಅಂಗೀಕಾರಗೊಂಡಿತು. ಆ ಒಪ್ಪಂದದ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನ ಭೂಭಾಗದ ಶೇ 40ರವರೆಗೂ ಒಂದಲ್ಲ ಒಂದು ಬಗೆಯಲ್ಲಿ ಹಾಳಾಗಿದೆ. ಅದೇ ಸಂಸ್ಥೆಗೆ ದೇಶಗಳು ಸಲ್ಲಿಸಿದ ಅಂಕಿಅಂಶಗಳು 2015ರಿಂದ 2019ರ ನಡುವೆ ವರ್ಷಕ್ಕೆ ಕನಿಷ್ಠ 10 ಕೋಟಿ ಹೆಕ್ಟೇರ್ ಒಳ್ಳೆಯ ನೆಲ ಹಾಳಾಗಿದೆ ಎಂದು ಹೇಳುತ್ತವೆ. ಕಳೆದುಹೋದ ಒಂದು ಸೆಂಟಿಮೀಟರ್ ಮೇಲ್ಮಣ್ಣು ತಾನಾಗಿ ಮತ್ತೆ ರೂಪುಗೊಳ್ಳಲು ನೂರಾರು ವರ್ಷಗಳು ಬೇಕಾಗುತ್ತವೆ ಎಂಬುದನ್ನು ನೆನೆದರೆ ಈ ಅಂಕಿಗಳ ತೂಕ ತಿಳಿಯುತ್ತದೆ.

ಹಾಳಾದ ನೆಲವನ್ನು ಸರಿಪಡಿಸಲು ಇತ್ತೀಚೆಗೆ ಹೆಚ್ಚಾಗಿ ಕೇಳಿಬರುವ ಮಾತು ‘ನಿಸರ್ಗ ಆಧಾರಿತ ಪರಿಹಾರ’. ವಿಶ್ವಸಂಸ್ಥೆಯ ಪರಿಸರ ಸಭೆ 2022ರ ಮಾರ್ಚ್‌ನಲ್ಲಿ ಇದಕ್ಕೊಂದು ವ್ಯಾಖ್ಯೆಯನ್ನು ಒಪ್ಪಿಕೊಂಡಿತು. ನಿಸರ್ಗ ವ್ಯವಸ್ಥೆಗಳನ್ನು ಕಾಪಾಡುವ, ಮರುಸ್ಥಾಪಿಸುವ ಅಥವಾ ಸುಸ್ಥಿರವಾಗಿ ನಿರ್ವಹಿಸುವ ಕೆಲಸ ಮಾತ್ರ ಇದರಡಿ ಬರುತ್ತದೆ. ಅದರಿಂದ ಜನರ ಬದುಕಿಗೂ ಜೀವವೈವಿಧ್ಯಕ್ಕೂ ಏಕಕಾಲಕ್ಕೆ ಪ್ರಯೋಜನ ಆಗಬೇಕು. ಈ ಎರಡನೆಯ ಷರತ್ತು ಮುಖ್ಯವಾದದ್ದು. ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟ ತೋಪು ಹಸಿರಾಗಿದ್ದ ಮಾತ್ರಕ್ಕೆ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2020ರಲ್ಲಿ ಇದಕ್ಕಾಗಿ 8 ಮಾನದಂಡಗಳನ್ನೂ 28 ಸೂಚಕಗಳನ್ನೂ ಪ್ರಕಟಿಸಿತು. ಕೆಲಸದ ಫಲಿತಾಂಶವನ್ನು ಅಳೆದು, ಅದಕ್ಕೆ ತಕ್ಕಂತೆ ಕ್ರಮವನ್ನು ತಿದ್ದಿಕೊಳ್ಳಬೇಕು ಎಂಬುದು ಅವುಗಳಲ್ಲಿ ಒಂದು.

ಈ ಅಳತೆಯ ಕೆಲಸವನ್ನು ಹೆಚ್ಚಿನ ಯೋಜನೆಗಳು ಕೊನೆಗೆ ಇಟ್ಟುಕೊಳ್ಳುತ್ತವೆ. ಸಸಿ ನೆಟ್ಟು, ಬದು ಹಾಕಿ, ಹಣ ಖರ್ಚಾದ ಮೇಲೆ ವರದಿಗಾಗಿ ಅಳೆಯುತ್ತಾರೆ. ನನ್ನ ದೃಷ್ಟಿಯಲ್ಲಿ ನೆಲ ಸುಧಾರಣೆಯ ಅತ್ಯಂತ ದುಬಾರಿ ತಪ್ಪು ಇದೇ. ನೆಲ ಯಾಕೆ ಕೆಟ್ಟಿತು ಎಂಬುದನ್ನು ಅಳತೆಯಿಂದ ಮೊದಲೇ ತಿಳಿಯದಿದ್ದರೆ ಚಿಕಿತ್ಸೆಯೇ ತಪ್ಪಾಗುತ್ತದೆ. ಆರಂಭದ ಸ್ಥಿತಿಯ ದಾಖಲೆ ಇಲ್ಲದಿದ್ದರೆ ಹತ್ತು ವರ್ಷಗಳ ನಂತರ ಕಾಣುವ ಬದಲಾವಣೆ ನಮ್ಮ ಕೆಲಸದಿಂದ ಆದದ್ದೋ, ಎರಡು ಒಳ್ಳೆಯ ಮಳೆಗಾಲಗಳಿಂದ ಆದದ್ದೋ ಎಂದು ಹೇಳಲು ಯಾವ ದಾರಿಯೂ ಉಳಿಯುವುದಿಲ್ಲ. ಆದ್ದರಿಂದ ಮೊದಲ ಗುದ್ದಲಿ ಬೀಳುವ ಮುನ್ನವೇ ಮೂರು ಜಾಗಗಳನ್ನು ಗುರುತಿಸಿಕೊಳ್ಳಬೇಕು: ಕೆಲಸ ನಡೆಯಲಿರುವ ನೆಲ, ಅದರಂತೆಯೇ ಕೆಟ್ಟಿದ್ದರೂ ಕೆಲಸ ನಡೆಯದ ಪಕ್ಕದ ನೆಲ, ಮತ್ತು ಅದೇ ಮಣ್ಣು ಅದೇ ಮಳೆಯಲ್ಲಿ ಇನ್ನೂ ಚೆನ್ನಾಗಿ ಉಳಿದಿರುವ ನೆಲ. ಎರಡನೆಯದು ಹೋಲಿಕೆಗೆ ಬೇಕು, ಮೂರನೆಯದು ಗುರಿ ಎಲ್ಲಿದೆ ಎಂದು ತಿಳಿಯಲು ಬೇಕು.

ದೊಡ್ಡ ಪ್ರದೇಶವನ್ನು ಅಳೆಯುವಾಗ ಉಪಗ್ರಹಗಳಿಗೆ ಸಾಟಿಯಾದದ್ದು ಬೇರೊಂದಿಲ್ಲ. ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿದ್ದು 1972ರ ಜುಲೈನಲ್ಲಿ; ಅಂದರೆ ಭೂಮಿಯ ಬಹುಪಾಲು ಜಾಗಗಳ ಅರ್ಧ ಶತಮಾನದ ಚಿತ್ರಗಳು ದಾಖಲೆಯಲ್ಲಿವೆ. 2008ರಲ್ಲಿ ಆ ಸಂಗ್ರಹವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟ ನಿರ್ಧಾರದಿಂದ ಈ ಕ್ಷೇತ್ರದ ಸ್ವರೂಪವೇ ಬದಲಾಯಿತು. 2015ರಿಂದ ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ಸ್ಪಷ್ಟತೆಯ ಚಿತ್ರಗಳನ್ನು ಉಚಿತವಾಗಿ ಕೊಡುತ್ತಿವೆ. 2017ರಲ್ಲಿ ಎರಡನೆಯ ಉಪಗ್ರಹ ಜೊತೆಗೂಡಿದ ಮೇಲೆ ಒಂದೇ ಜಾಗದ ಚಿತ್ರ ಸುಮಾರು ಐದು ದಿನಗಳಿಗೊಮ್ಮೆ ಸಿಗುತ್ತದೆ. ಮೋಡ ಮುಚ್ಚಿದ ಮಳೆಗಾಲದಲ್ಲಿ ಈ ಚಿತ್ರಗಳು ಕುರುಡಾಗುವಾಗ ಸೆಂಟಿನೆಲ್-1ರ ರೇಡಾರ್ ಮೋಡವನ್ನು ದಾಟಿ ನೋಡಬಲ್ಲದು.

ಈ ಚಿತ್ರಗಳಿಂದ ಹಸಿರನ್ನು ಅಳೆಯುವ ಸೂತ್ರ ಸರಳವಾದದ್ದು. ಎಲೆಯಲ್ಲಿರುವ ಪತ್ರಹರಿತ್ತು ಆಹಾರ ತಯಾರಿಕೆಗಾಗಿ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಎಲೆಯ ಒಳಗಿನ ಜೀವಕೋಶಗಳ ರಚನೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ದೊಡ್ಡ ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಹಿಂದಿರುಗಿ ಬಂದ ಈ ಎರಡು ಬೆಳಕುಗಳ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸಿಗುವುದೇ ಸಸ್ಯ ಸೂಚ್ಯಂಕ. ಒಂದು ಜಾಗ ಅವಕೆಂಪಿನ ಶೇ 40ನ್ನೂ ಕೆಂಪಿನ ಶೇ 8ನ್ನೂ ಹಿಂದಿರುಗಿಸಿದರೆ 32ನ್ನು 48ರಿಂದ ಭಾಗಿಸಬೇಕು, ಸೂಚ್ಯಂಕ 0.67 ಆಗುತ್ತದೆ, ಅಲ್ಲಿ ದಟ್ಟ ಎಲೆಯಿದೆ. ಬರಿ ಮಣ್ಣು ಎರಡನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಉದಾಹರಣೆಗೆ ಶೇ 25 ಮತ್ತು ಶೇ 18ರಷ್ಟು, ಹಿಂದಿರುಗಿಸುವುದರಿಂದ ಸೂಚ್ಯಂಕ 0.16ರ ಆಸುಪಾಸಿನಲ್ಲಿರುತ್ತದೆ. ಇಪ್ಪತ್ತು ಮೂವತ್ತು ವರ್ಷಗಳ ಸೂಚ್ಯಂಕವನ್ನು ಒಂದೇ ರೇಖೆಯಲ್ಲಿ ಜೋಡಿಸಿದಾಗ ನೆಲದ ಉತ್ಪಾದಕತೆ ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದು ಮೇಲ್ನೋಟಕ್ಕೆ ಕಾಣುತ್ತದೆ.

ಆದರೆ ಆ ರೇಖೆಯನ್ನು ಹಾಗೆಯೇ ನಂಬುವಂತಿಲ್ಲ. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಸಾಹೆಲ್ ಪ್ರದೇಶ 1970 ಮತ್ತು 80ರ ದಶಕಗಳಲ್ಲಿ ಭೀಕರ ಬರಗಾಲಗಳನ್ನು ಕಂಡಿತು. ಆಮೇಲೆ ಮಳೆ ಒಂದಿಷ್ಟು ಸುಧಾರಿಸಿದಾಗ ಉಪಗ್ರಹ ಚಿತ್ರಗಳಲ್ಲಿ ಹಸಿರು ಏರಿತು. ಈ ಏರಿಕೆಯಲ್ಲಿ ಮಳೆಯ ಪಾಲೆಷ್ಟು, ರೈತರ ದುಡಿಮೆಯ ಪಾಲೆಷ್ಟು ಎಂಬುದರ ಬಗ್ಗೆ ವಿಜ್ಞಾನಿಗಳು ದೀರ್ಘಕಾಲ ಚರ್ಚಿಸಿದ್ದಾರೆ. ಇದನ್ನು ಬಿಡಿಸಲು ಪ್ರತಿ ವರ್ಷದ ಮಳೆಗೆ ಎಷ್ಟು ಹಸಿರು ಬರಬೇಕಿತ್ತು ಎಂದು ಮೊದಲು ಲೆಕ್ಕ ಹಾಕಿ, ನಿಜವಾಗಿ ಬಂದ ಹಸಿರಿನಿಂದ ಅದನ್ನು ಕಳೆಯುತ್ತಾರೆ. ಉಳಿಕೆ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತಿದ್ದರೆ, ಅಷ್ಟೇ ಮಳೆಗೆ ಈ ನೆಲ ಮೊದಲಿಗಿಂತ ಕಡಿಮೆ ಬೆಳೆಯುತ್ತಿದೆ ಎಂದರ್ಥ. ಹೊರಗೆ ಹಸಿರು ಹೆಚ್ಚುತ್ತಿದ್ದಾಗಲೂ ನೆಲ ಸೊರಗುತ್ತಿರಬಹುದು ಎಂಬುದನ್ನು ತೋರಿಸಿಕೊಡುವ ವಿಧಾನ ಇದು.

ಎರಡನೆಯ ತೊಡಕು ಇನ್ನೂ ಗಂಭೀರವಾದದ್ದು: ಹಸಿರು ಯಾವುದರದು ಎಂಬುದನ್ನು ಸೂಚ್ಯಂಕ ಹೇಳುವುದಿಲ್ಲ. ಬಳ್ಳಾರಿ ಜಾಲಿ ಮೂಲತಃ ಅಮೆರಿಕ ಖಂಡಗಳ ಗಿಡ. ಬರಡು ನೆಲವನ್ನು ಹಸಿರು ಮಾಡಲೆಂದೇ ಅದನ್ನು ಆಫ್ರಿಕಾದ ಹಲವು ಕಡೆ ನೆಡಲಾಯಿತು. ಕೀನ್ಯಾದ ಬರಿಂಗೊ ಮತ್ತು ಇಥಿಯೋಪಿಯಾದ ಅಫಾರ್ ಪ್ರದೇಶಗಳಲ್ಲಿ ಅದು ಹುಲ್ಲುಗಾವಲುಗಳನ್ನು ಆವರಿಸಿ, ಅಂತರ್ಜಲವನ್ನು ಹೀರಿ, ದನಕರುಗಳಿಗೆ ಮೇವಿಲ್ಲದಂತೆ ಮಾಡಿತು. ನಮೀಬಿಯಾದಲ್ಲಿ ಸ್ಥಳೀಯ ಮುಳ್ಳುಪೊದೆಗಳೇ ವಿಸ್ತಾರವಾದ ಹುಲ್ಲುಗಾವಲುಗಳ ಮೇಲೆ ದಟ್ಟವಾಗಿ ಹಬ್ಬಿ ಮೇವಿನ ನೆಲವನ್ನು ಕುಗ್ಗಿಸಿವೆ. ಈ ಜಾಗಗಳನ್ನೆಲ್ಲ ಆಕಾಶದಿಂದ ನೋಡಿದರೆ ಸುಧಾರಣೆಯಂತೆ ಕಾಣುತ್ತವೆ. ಅಲ್ಲಿ ದನ ಕಾಯುವವರನ್ನು ಕೇಳಿದರೆ ಮಾತ್ರ ನಿಜ ತಿಳಿಯುತ್ತದೆ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿಕೊಂಡ ಸೂಚಕ ಹಸಿರೊಂದನ್ನೇ ನೆಚ್ಚಿಕೊಂಡಿಲ್ಲ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ 15.3.1ನೇ ಸೂಚಕ ಮೂರು ಸಂಗತಿಗಳನ್ನು ನೋಡುತ್ತದೆ: ನೆಲದ ಹೊದಿಕೆ ಯಾವ ಬಗೆಯಿಂದ ಯಾವ ಬಗೆಗೆ ಬದಲಾಗಿದೆ, ಉತ್ಪಾದಕತೆಯ ಗತಿ ಹೇಗಿದೆ, ಮಣ್ಣಿನ ಇಂಗಾಲ (ಅಂದರೆ ಅದರ ಸಾವಯವ ಅಂಶದಲ್ಲಿರುವ ಇಂಗಾಲ) ಎಷ್ಟಿದೆ. 2000ದಿಂದ 2015ರವರೆಗಿನ ಅವಧಿಯನ್ನು ಆಧಾರವಾಗಿ ಇಟ್ಟುಕೊಂಡು ಹೋಲಿಸುವಾಗ ಮೂರರಲ್ಲಿ ಒಂದು ಕೆಟ್ಟಿದ್ದರೂ ಆ ನೆಲವನ್ನು ಹಾಳಾದದ್ದೆಂದೇ ಎಣಿಸುತ್ತಾರೆ. ಉಳಿದ ಎರಡರ ಏರಿಕೆಯಿಂದ ಅದನ್ನು ಸರಿದೂಗಿಸಲು ಅವಕಾಶವಿಲ್ಲ. ಈ ನಿಯಮ ಕಠಿಣವೆನಿಸಿದರೂ ಸರಿಯಾದದ್ದು. ಮಣ್ಣಿನ ಇಂಗಾಲ ಕಳೆದುಕೊಂಡ ಹೊಲ ರಸಗೊಬ್ಬರದ ಬಲದಿಂದ ಕೆಲವು ವರ್ಷ ಹಸಿರಾಗಿಯೇ ಇರಬಲ್ಲದು.

ಮಣ್ಣಿನ ವಿಷಯಕ್ಕೆ ಬಂದಾಗ ನೆಲಕ್ಕೆ ಇಳಿಯಲೇಬೇಕು. ಇಲ್ಲಿ ಬೇಕಾಗುವ ಸಲಕರಣೆಗಳು ಅಗ್ಗವಾದವು, ತಾಳ್ಮೆ ಮಾತ್ರ ಹೆಚ್ಚು ಬೇಕು. ಎರಡೂ ಕಡೆ ತೆರೆದ ಒಂದು ಲೋಹದ ಬಳೆಯನ್ನು ಕೆಲವು ಸೆಂಟಿಮೀಟರ್ ಆಳಕ್ಕೆ ಮಣ್ಣಿಗೆ ಒತ್ತಿ, ಅಳತೆಯ ನೀರನ್ನು ಅದರೊಳಗೆ ಸುರಿದು, ನೀರು ಪೂರ್ತಿ ಇಂಗಲು ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡುತ್ತಾರೆ. ಒಣಗಿದ ಪುಟ್ಟ ಹೆಂಟೆಯೊಂದನ್ನು ಜಾಲರಿಯ ಮೇಲಿಟ್ಟು ನೀರಿನಲ್ಲಿ ಮುಳುಗಿಸುವುದು ಇನ್ನೊಂದು ಪರೀಕ್ಷೆ: ಜೀವವಿರುವ ಮಣ್ಣಿನ ಹೆಂಟೆ ಬೇರಿನ ನಾರು ಮತ್ತು ಶಿಲೀಂಧ್ರದ ಎಳೆಗಳ ಹಿಡಿತದಿಂದ ಗಟ್ಟಿಯಾಗಿ ನಿಲ್ಲುತ್ತದೆ, ಸತ್ವ ಕಳೆದುಕೊಂಡದ್ದು ಗುಳ್ಳೆ ಬಿಡುತ್ತಾ ಕುಸಿದು ನೀರನ್ನು ಕದಡುತ್ತದೆ. ನೂರು ಹೆಜ್ಜೆ ನಡೆಯುತ್ತಾ ಪ್ರತಿ ಹೆಜ್ಜೆಯ ತುದಿಯಲ್ಲಿ ಇರುವುದು ಬರಿ ಮಣ್ಣೋ, ತರಗೆಲೆಯೋ, ಹುಲ್ಲಿನ ಬುಡವೋ ಎಂದು ಬರೆದುಕೊಂಡರೆ ನೆಲದ ಹೊದಿಕೆಯ ಶೇಕಡಾವಾರು ಲೆಕ್ಕ ಸಿಕ್ಕಿಬಿಡುತ್ತದೆ. ಈ ಮೂರೂ ಕೆಲಸಗಳನ್ನು ಆ ನೆಲದಲ್ಲಿ ಬದುಕುವವರೇ ಕಲಿತು ಮಾಡಬಲ್ಲರು, ಮತ್ತು ಅವರೇ ಮಾಡಿದಾಗ ಅಳತೆ ನಿಲ್ಲದೆ ನಡೆಯುತ್ತದೆ.

ಮಣ್ಣಿನ ಇಂಗಾಲದ ಲೆಕ್ಕದಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. ಒಂದು ಹೆಕ್ಟೇರಿನ ಮೇಲಿನ 30 ಸೆಂಟಿಮೀಟರ್ ಮಣ್ಣಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.3 ಗ್ರಾಂ ಇದ್ದರೆ ಅಷ್ಟು ಮಣ್ಣಿನ ತೂಕ 3,900 ಟನ್. ಅದರಲ್ಲಿ ಶೇ 1 ಇಂಗಾಲವಿದ್ದರೆ 39 ಟನ್. ನೆಲ ಸುಧಾರಿಸಿದಂತೆ ಮಣ್ಣು ಸಡಿಲವಾಗಿ ಸಾಂದ್ರತೆ ಇಳಿಯುತ್ತದೆ, ಆಗ ಅದೇ 30 ಸೆಂಟಿಮೀಟರಿನಲ್ಲಿ ಸಿಗುವ ಮಣ್ಣೇ ಕಡಿಮೆಯಾಗಿರುತ್ತದೆ. ಆಳವನ್ನು ಹಾಗೆಯೇ ಇಟ್ಟುಕೊಂಡು ಹೋಲಿಸಿದರೆ ನಿಜವಾದ ಹೆಚ್ಚಳ ಲೆಕ್ಕದಲ್ಲಿ ಮರೆಯಾಗಬಹುದು. ಆದ್ದರಿಂದ ಸಮಾನ ತೂಕದ ಮಣ್ಣನ್ನು ಹೋಲಿಸುವುದು ಸರಿಯಾದ ಕ್ರಮ. ಇಂಗಾಲ ಎಷ್ಟು ನಿಧಾನವಾಗಿ ಸೇರುತ್ತದೆಂದರೆ, ಐದು ವರ್ಷಕ್ಕೆ ಮೊದಲು ಕಾಣುವ ಏರಿಳಿತ ಬಹುಪಾಲು ಮಾದರಿ ತೆಗೆಯುವಾಗಿನ ವ್ಯತ್ಯಾಸವೇ ಆಗಿರುತ್ತದೆ.

ಇನ್ನು ಸರಿಪಡಿಸುವ ಕೆಲಸ. ಇಲ್ಲಿ ಮೊದಲ ಹೆಜ್ಜೆ ಏನನ್ನಾದರೂ ನೆಡುವುದಲ್ಲ, ಕೆಡಿಸುತ್ತಿರುವ ಕಾರಣವನ್ನು ನಿಲ್ಲಿಸುವುದು. ಮೇವಿನ ಒತ್ತಡ ಹಾಗೆಯೇ ಇದ್ದರೆ ನೆಟ್ಟ ಸಸಿ ಮೇವಾಗುತ್ತದೆ. ಎರಡನೆಯದು, ನೀರು ಓಡದಂತೆ ತಡೆದು ಇಂಗಿಸುವುದು. ಬೇರು, ಬೀಜ, ಜೀವಿಗಳ ಕೆಲಸ ಅದರ ನಂತರ ಬಹುಮಟ್ಟಿಗೆ ತಾನಾಗಿಯೇ ಶುರುವಾಗುತ್ತದೆ.

ಬುರ್ಕಿನಾ ಫಾಸೊ ದೇಶದ ಯಾಟೆಂಗಾ ಪ್ರದೇಶದಲ್ಲಿ ‘ಜಾಯ್’ ಎಂಬ ಗುಂಡಿ ಪದ್ಧತಿಯಿದೆ. ಹಳೆಯ ಈ ಪದ್ಧತಿಯನ್ನು 1980ರ ಆಸುಪಾಸಿನಲ್ಲಿ ಸುಧಾರಿಸಿ ಹರಡಿದವರಲ್ಲಿ ರೈತ ಯಾಕೂಬಾ ಸವಾಡೊಗೊ ಮುಖ್ಯರು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಸಿಮೆಂಟಿನಷ್ಟು ಗಟ್ಟಿಯಾದ ನೆಲದಲ್ಲಿ ಒಣಹವೆಯ ತಿಂಗಳುಗಳಲ್ಲೇ 20ರಿಂದ 40 ಸೆಂಟಿಮೀಟರ್ ಅಗಲದ, 10ರಿಂದ 20 ಸೆಂಟಿಮೀಟರ್ ಆಳದ ಗುಂಡಿಗಳನ್ನು ಸಾಲಾಗಿ ತೋಡುತ್ತಾರೆ. ತೆಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದ ಆಕಾರದಲ್ಲಿ ಒಡ್ಡಾಗಿ ಹಾಕಿ, ಗುಂಡಿಗೆ ಒಂದೆರಡು ಹಿಡಿ ಗೊಬ್ಬರ ಸುರಿಯುತ್ತಾರೆ. ಗೊಬ್ಬರದ ವಾಸನೆಗೆ ಗೆದ್ದಲು ಬರುತ್ತವೆ. ಅವು ಗುಂಡಿಯ ತಳದಿಂದ ಕೆಳಕ್ಕೆ ಕೊರೆಯುವ ಸಣ್ಣ ಸುರಂಗಗಳು ನೇಗಿಲಿಗೂ ಜಗ್ಗದ ಗಟ್ಟಿ ಪದರವನ್ನು ತೂತು ಮಾಡುತ್ತವೆ. ಮೊದಲ ಮಳೆಯ ನೀರು ಗುಂಡಿಯಲ್ಲಿ ನಿಂತು, ಆ ಸುರಂಗಗಳ ಮೂಲಕ ಆಳಕ್ಕಿಳಿದು, ಮುಂದಿನ ಮಳೆ ತಡವಾದರೂ ಬೇರಿಗೆ ಒದಗುತ್ತದೆ. ಬಿತ್ತಿದ ಜೋಳ, ಸಜ್ಜೆಯ ಜೊತೆಗೆ ಗೊಬ್ಬರದಲ್ಲಿದ್ದ ಮರಗಳ ಬೀಜಗಳೂ ಮೊಳೆಯುತ್ತವೆ. ಅವುಗಳನ್ನು ಕೀಳದೆ ಉಳಿಸಿಕೊಂಡ ಸವಾಡೊಗೊ ಅವರ ನೆಲದಲ್ಲಿ ವರ್ಷಗಳು ಕಳೆದಂತೆ ಹತ್ತಾರು ಹೆಕ್ಟೇರಿನ ಕಾಡೇ ಬೆಳೆಯಿತು. ಹೆಚ್ಚಿನ ದುಡಿಮೆ ಬೇಡುವುದು ಈ ವಿಧಾನದ ಮಿತಿ. ಸಮಪಾತಳಿಗೆ ಹೊಂದಿಸಿ ಕಲ್ಲಿನ ಸಾಲು ಇಟ್ಟ ಕಡೆ ಗುಂಡಿಗಳು ಕೊಚ್ಚಿಹೋಗದೆ ಹೆಚ್ಚು ಕಾಲ ಬಾಳುತ್ತವೆ.

ನೈಜರ್ ದೇಶದ ಅನುಭವ ಇದಕ್ಕಿಂತಲೂ ಕಡಿಮೆ ಖರ್ಚಿನದು. ಮರಾಡಿ ಪ್ರದೇಶದಲ್ಲಿ ಸಸಿ ನೆಡುವ ಕೆಲಸದಲ್ಲಿದ್ದ ಆಸ್ಟ್ರೇಲಿಯಾದ ಟೋನಿ ರಿನಾಡೊ, ನೆಟ್ಟ ಸಸಿಗಳಲ್ಲಿ ಹೆಚ್ಚಿನವು ಸಾಯುತ್ತಿದ್ದ ಕಾಲದಲ್ಲಿ, 1983ರಲ್ಲಿ ಒಂದು ಸಂಗತಿಯನ್ನು ಗಮನಿಸಿದರು: ಹೊಲಗಳಲ್ಲಿ ಕಳೆಯಂತೆ ಕಾಣುತ್ತಿದ್ದ ಪೊದೆಗಳು ವಾಸ್ತವದಲ್ಲಿ ಹಿಂದೆ ಕಡಿದ ಮರಗಳ ಮೋಟಿನಿಂದ ಒಡೆದ ಚಿಗುರುಗಳಾಗಿದ್ದವು. ನೆಲದಡಿಯಲ್ಲಿ ಬಲಿತ ಬೇರುಗಳ ಜಾಲವಿತ್ತು. ಪ್ರತಿ ಮೋಟಿನಲ್ಲಿ ನೆಟ್ಟಗಿನ ಕೆಲವು ಚಿಗುರುಗಳನ್ನು ಉಳಿಸಿ ಮಿಕ್ಕವನ್ನು ಸವರಿದರೆ, ನೀರೆರೆಯದೆಯೇ ಅವು ಬೇಗ ಮರವಾಗುತ್ತವೆ. ಈ ವಿಧಾನ ರೈತರಿಂದ ರೈತರಿಗೆ ಹರಡಿ ದಕ್ಷಿಣ ನೈಜರ್‌ನ ಸುಮಾರು 50 ಲಕ್ಷ ಹೆಕ್ಟೇರ್‌ಗೆ ವ್ಯಾಪಿಸಿತು. ಇದರಲ್ಲಿ ಎರಡು ಪಾಠಗಳಿವೆ. ಮೊದಲು ಮರಗಳು ಸರ್ಕಾರದ ಸ್ವತ್ತೆಂಬ ನಿಯಮವಿದ್ದಾಗ ಮರ ಉಳಿಸುವುದರಿಂದ ರೈತನಿಗೆ ಲಾಭವಿರಲಿಲ್ಲ. ತನ್ನ ಹೊಲದ ಮರ ತನಗೆ ದಕ್ಕುತ್ತದೆ ಎಂಬ ಭರವಸೆ ಬಂದ ಮೇಲೆಯೇ ಹಸಿರು ಹಬ್ಬಿತು. ಎರಡನೆಯದು ಅಳತೆಗೆ ಸಂಬಂಧಿಸಿದ್ದು: ಹೊಲದಲ್ಲಿ ಚದುರಿ ನಿಂತ ಮರಗಳು ಆ ಕಾಲದ ಸಾಮಾನ್ಯ ಉಪಗ್ರಹ ಚಿತ್ರಗಳಲ್ಲಿ ಕಾಡೆಂದು ಎಣಿಕೆಯಾಗುವಷ್ಟು ದಟ್ಟವಾಗಿರಲಿಲ್ಲ. ಹೆಚ್ಚು ಸ್ಪಷ್ಟತೆಯ ಚಿತ್ರಗಳನ್ನು ಹಳೆಯ ವೈಮಾನಿಕ ಚಿತ್ರಗಳೊಂದಿಗೆ ಹೋಲಿಸಿದಾಗಲೇ ಈ ದೊಡ್ಡ ಬದಲಾವಣೆಯ ವ್ಯಾಪ್ತಿ ಹೊರಜಗತ್ತಿಗೆ ತಿಳಿದದ್ದು.

ಆಫ್ರಿಕನ್ ಒಕ್ಕೂಟ 2007ರಲ್ಲಿ ಆರಂಭಿಸಿದ ‘ಮಹಾ ಹಸಿರು ಗೋಡೆ’ ಯೋಜನೆ ಮೊದಲು ಸುಮಾರು 8,000 ಕಿಲೋಮೀಟರ್ ಉದ್ದದ ಮರಗಳ ಪಟ್ಟಿಯಾಗಿ ಕಲ್ಪಿತವಾಗಿತ್ತು. ಇಂಥ ಅನುಭವಗಳಿಂದಲೇ ಅದು ಕ್ರಮೇಣ ಹೊಲ, ಹುಲ್ಲುಗಾವಲು, ಕಾಡು ಎಲ್ಲವನ್ನೂ ಅವುಗಳ ಜಾಗದಲ್ಲೇ ಸುಧಾರಿಸುವ ಕಾರ್ಯಕ್ರಮವಾಗಿ ಬದಲಾಯಿತು.

ಮರವೇ ಎಲ್ಲಕ್ಕೂ ಉತ್ತರ ಎಂಬ ನಂಬಿಕೆಯನ್ನು ಚೀನಾದ ಲೋಯೆಸ್ ಪ್ರಸ್ಥಭೂಮಿ ಪರೀಕ್ಷೆಗೊಡ್ಡಿದೆ. ಗಾಳಿ ತಂದು ಪೇರಿಸಿದ ನುಣುಪು ಮಣ್ಣಿನ ಈ ನೆಲದಿಂದಲೇ ಹಳದಿ ನದಿಗೆ ಹೂಳು ಸೇರುತ್ತಿತ್ತು. ಕಳೆದ ಶತಮಾನದ ಮಧ್ಯಭಾಗದಲ್ಲಿ ಅದು ವರ್ಷಕ್ಕೆ ಸುಮಾರು 160 ಕೋಟಿ ಟನ್ ಇದ್ದದ್ದು ಈ ಶತಮಾನದಲ್ಲಿ ಅದರ ಐದನೆಯ ಒಂದು ಭಾಗದ ಆಸುಪಾಸಿಗೆ ಇಳಿದಿದೆ. ಮೆಟ್ಟಿಲು ಹೊಲಗಳು, ಕೊರಕಲುಗಳಿಗೆ ಕಟ್ಟಿದ ತಡೆಗಳು, ಅಣೆಕಟ್ಟುಗಳು, ಮತ್ತು 1999ರಿಂದ ಕಡಿದಾದ ಇಳಿಜಾರಿನ ಹೊಲಗಳನ್ನು ಹುಲ್ಲಿಗೂ ಕಾಡಿಗೂ ಬಿಟ್ಟುಕೊಟ್ಟ ಯೋಜನೆ ಇವೆಲ್ಲದರ ಒಟ್ಟು ಫಲ ಇದು, ಮತ್ತು ನಿಜವಾಗಿಯೂ ಅಸಾಧಾರಣವಾದದ್ದು. ಆದರೆ 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಇನ್ನಷ್ಟು ಸಸ್ಯರಾಶಿ ಬೆಳೆಸಿದರೆ ಜನರ ಬಳಕೆಗೆ ನೀರು ಸಾಲದಾಗುವ ಮಿತಿಗೆ ಆ ಪ್ರದೇಶ ಹತ್ತಿರವಾಗಿದೆ ಎಂದು ಎಚ್ಚರಿಸಿತು. ಮರಗಳು ಮಣ್ಣು ಹಿಡಿಯುತ್ತವೆ, ಜೊತೆಗೆ ನೀರನ್ನೂ ಕುಡಿಯುತ್ತವೆ. ಹಸಿರನ್ನಷ್ಟೇ ಅಳೆಯುವ ಯೋಜನೆಗೆ ಈ ಮಿತಿ ಕಾಣುವುದೇ ಇಲ್ಲ. ಹೊಳೆಯ ಹರಿವನ್ನೂ ಬಾವಿಯ ಮಟ್ಟವನ್ನೂ ಜೊತೆಯಲ್ಲೇ ಅಳೆದಾಗ ಮಾತ್ರ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತದೆ. ಹುಟ್ಟಿನಿಂದಲೇ ಹುಲ್ಲುಗಾವಲಾಗಿರುವ ನೆಲವನ್ನು ಬರಡೆಂದು ತಪ್ಪಾಗಿ ತಿಳಿದು ಮರ ನೆಡುವುದು ಇದೇ ತಪ್ಪಿನ ಇನ್ನೊಂದು ಮುಖ.

ನೀರಿನ ನೆಲಗಳಲ್ಲಿ ಚಿಕಿತ್ಸೆ ಇನ್ನೂ ನೇರವಾದದ್ದು. ಅರೆಕೊಳೆತ ಸಸ್ಯಗಳ ಪದರಗಳಿಂದಾದ ಪೀಟ್ ಎಂಬ ಜೌಗು ನೆಲ ಭೂಭಾಗದ ಸುಮಾರು ಶೇ 3ರಷ್ಟಿದ್ದರೂ ಜಗತ್ತಿನ ಎಲ್ಲ ಕಾಡುಗಳ ಸಸ್ಯರಾಶಿಗಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟಿದೆ. ಅದನ್ನು ಬಸಿಯಲು ತೋಡಿದ ಕಾಲುವೆಗಳನ್ನು ಮುಚ್ಚಿ ಮತ್ತೆ ತೋಯಿಸುವುದೇ ಅಲ್ಲಿನ ಪುನಶ್ಚೇತನ, ಮತ್ತು ನೀರಿನ ಮಟ್ಟ ಅಳೆಯುವ ಸರಳ ಕೊಳವೆಯೇ ಅಲ್ಲಿನ ಮುಖ್ಯ ಸಾಧನ. ಕಡಲಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಲ್ಲಿ ಉಬ್ಬರವಿಳಿತದ ದಾರಿ ತೆರೆದರೆ ಬೀಜಗಳು ನೀರಿನ ಜೊತೆ ತಾವಾಗಿ ಬರುತ್ತವೆ. ದಾರಿ ತೆರೆಯದೆ, ಸದಾ ನೀರಿನಲ್ಲಿ ಮುಳುಗಿರುವ ಕೆಸರು ಬಯಲಿನಲ್ಲಿ ನೆಟ್ಟ ಲಕ್ಷಾಂತರ ಸಸಿಗಳು ಫಿಲಿಪೀನ್ಸ್ ಸೇರಿದಂತೆ ಹಲವು ಕಡೆ ಸತ್ತುಹೋಗಿವೆ.

ಹೀಗಿರುವಾಗ ‘ಎಷ್ಟು ಸಸಿ ನೆಟ್ಟೆವು’ ಎಂಬ ಲೆಕ್ಕ ನೆಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ, ಮತ್ತು ಅವುಗಳಿಗೆ ಸಮಯದ ಒಂದು ಕ್ರಮವಿದೆ. ಮೊದಲ ಮಳೆಗಾಲದಲ್ಲೇ ನೀರು ಇಂಗುವ ವೇಗ ಹೆಚ್ಚಾಗಿದೆಯೇ, ಹರಿದುಹೋಗುವ ನೀರು ತಿಳಿಯಾಗಿದೆಯೇ ಎಂದು ನೋಡಬೇಕು. ಎರಡು ಮೂರು ವರ್ಷಗಳಲ್ಲಿ ಬರಿ ಮಣ್ಣಿನ ಪಾಲು ಇಳಿದು, ಬಹುವಾರ್ಷಿಕ ಹುಲ್ಲುಗಳು ಕಾಣಿಸಿಕೊಳ್ಳಬೇಕು. ಸಸ್ಯ ಸೂಚ್ಯಂಕ ಮಳೆಯ ಲೆಕ್ಕ ಕಳೆದ ಮೇಲೂ ಪಕ್ಕದ ನೆಲಕ್ಕಿಂತ ಮೇಲೇರಿದೆಯೇ ಎಂಬುದು ಐದು ವರ್ಷಗಳ ಪ್ರಶ್ನೆ, ಮಣ್ಣಿನ ಇಂಗಾಲದ್ದು ಹತ್ತು ವರ್ಷಗಳ ಪ್ರಶ್ನೆ. ಯಾವ ಹಂತದಲ್ಲಿ ಉತ್ತರ ‘ಇಲ್ಲ’ ಎಂದು ಬಂದರೆ ಏನನ್ನು ಬದಲಿಸಬೇಕು ಎಂಬುದನ್ನೂ ಮುಂಚೆಯೇ ಬರೆದಿಡಬೇಕು: ಇಂಗುವ ವೇಗ ಏರದಿದ್ದರೆ ಒಡ್ಡಿನ ಜಾಗವನ್ನು ಮರುಪರಿಶೀಲಿಸುವುದು, ಹುಲ್ಲು ಬರದಿದ್ದರೆ ಮೇವಿನ ಸರದಿಯ ಬಗ್ಗೆ ದನಗಾಹಿಗಳೊಂದಿಗೆ ಮತ್ತೆ ಕೂತು ಮಾತಾಡುವುದು. ಹಣ ಕೊಡುವ ಸಂಸ್ಥೆಗಳ ಯೋಜನೆಗಳು ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳಲ್ಲಿ ಮುಗಿಯುವುದರಿಂದ, ಆಮೇಲಿನ ಅಳತೆಗೆ ಬೇಕಾದ ಹಣ ಮತ್ತು ಅದನ್ನು ಮುಂದುವರಿಸುವ ಸ್ಥಳೀಯರ ಹೆಸರು, ಹೊಣೆ, ಕೂಲಿ ಎಲ್ಲವನ್ನೂ ಮೊದಲ ವರ್ಷದ ಆಯವ್ಯಯದಲ್ಲೇ ಸೇರಿಸಿಡಬೇಕು.